ಧೂಳು, ಕೆಸರಿನಲ್ಲಿ ದುಡಿಯುವ ಭಾರಿ ಯಂತ್ರಗಳಿಗೆ ಸ್ಲೈಡಿಂಗ್ ಗೈಡ್ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೂರಾರು ಕಿಲೋ ತೂಕದ ಯಂತ್ರಭಾಗವೊಂದು ನೇರ ಹಳಿಯ ಮೇಲೆ ಹಿಂದೆ ಮುಂದೆ ಸರಿಯಬೇಕಾಗಿದ್ದು, ಸುತ್ತಲೂ ಕಲ್ಲುಪುಡಿಯೋ ಸಿಮೆಂಟೋ ಮರದ ಹೊಟ್ಟೋ ಕೆಸರೋ ತುಂಬಿರುವಾಗ ಯಾವ ಗೈಡ್ (ಆ ಭಾಗವನ್ನು ಹೊತ್ತು ನೇರ ದಾರಿಯಲ್ಲಿ ಸರಿಯುವಂತೆ ಮಾಡುವ ಜೋಡಣೆ) ಹಾಕಬೇಕೆಂಬ ಗೊಂದಲ ಸಹಜ. ಯಂತ್ರ ಕಟ್ಟುವವರೂ ನಿರ್ವಹಣೆ ನೋಡಿಕೊಳ್ಳುವವರೂ ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಕೊಳೆ ತುಂಬಿದ ಜಾಗಕ್ಕೆ ಎಲ್ಲಕ್ಕಿಂತ ಕಡಿಮೆ ಘರ್ಷಣೆಯ ಗೈಡ್ ಯಾವುದು?

ಹೊಸದಾಗಿದ್ದಾಗ, ಒರೆಸಿಟ್ಟ ಸ್ಥಿತಿಯಲ್ಲಿ ಕಡಿಮೆ ಘರ್ಷಣೆ ತೋರುವ ಗೈಡ್ ಯಾವುದೆಂದು ಹೇಳುವುದು ಸುಲಭ. ಹಳಿಯ ಮೇಲೆ ಭಾರ ಹೊತ್ತು ಓಡುವ ಕ್ಯಾರೇಜಿನ ಒಳಗೇ ಗುಂಡುಗಳು ಸುತ್ತಿ ಬರುವ ಬಾಲ್ ರೈಲ್ ಗೈಡಿನ ಘರ್ಷಣಾ ಗುಣಾಂಕ (ಸರಿಸಲು ಬೇಕಾದ ಬಲ ಭಾರದ ಎಷ್ಟು ಪಾಲು ಎಂಬ ಅಂಕಿ) ಸುಮಾರು 0.002ರಿಂದ 0.005ರ ನಡುವೆ ಇರುತ್ತದೆ. ಗಟ್ಟಿ ಉಕ್ಕಿನ ಹಳಿಯ ಮೇಲೆ ಉರುಳುವ ದೊಡ್ಡ ರೋಲರ್‌ಗಳಲ್ಲಿ, ಕೊಳೆ ಒಳಬರದಂತೆ ತಡೆಯುವ ಅವುಗಳ ಸೀಲ್‌ಗಳನ್ನೂ ಸೇರಿಸಿದರೆ, ಇದು 0.01ರಿಂದ 0.02ರಷ್ಟಾಗುತ್ತದೆ. ಉಕ್ಕಿನ ಮೇಲೆ ಎಣ್ಣೆಯಿಲ್ಲದೆ ಒಣಗಿದಂತೆಯೇ ಜಾರುವ ಪಾಲಿಮರ್ (ಪ್ಲಾಸ್ಟಿಕ್) ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ 0.1ರಿಂದ 0.25. ಆದರೆ ಈ ಅಂಕಿಗಳನ್ನು ನೋಡಿ ಆಯ್ಕೆ ಮಾಡಿದವರಲ್ಲಿ ಹಲವರು ಆರು ತಿಂಗಳಲ್ಲೇ ಪಶ್ಚಾತ್ತಾಪ ಪಡುತ್ತಾರೆ. ಏಕೆಂದರೆ ಕೊಳೆ ಒಳಗೆ ಹೊಕ್ಕ ಮೇಲೆ ಈ ಅಂಕಿಗಳು ಎಷ್ಟರ ಮಟ್ಟಿಗೆ ಏರುತ್ತವೆ ಎಂಬುದು ಮೂರರಲ್ಲೂ ಬೇರೆ ಬೇರೆ.

ಒಂದು ಲೆಕ್ಕ ನೋಡೋಣ. 800 ಕಿ.ಗ್ರಾಂ ತೂಕದ ಟ್ರಾಲಿ ಹಳಿಯ ಮೇಲೆ ಹಾಕುವ ಭಾರ ಸುಮಾರು 7,850 ನ್ಯೂಟನ್. ಬಾಲ್ ಗೈಡಿನ ಮೇಲೆ, ಗುಣಾಂಕ 0.003 ಎಂದಿಟ್ಟುಕೊಂಡರೆ, ಅದನ್ನು ಸರಿಸಲು 24 ನ್ಯೂಟನ್ ಸಾಕು. ಆದರೆ ನಾಲ್ಕು ಕ್ಯಾರೇಜ್‌ಗಳ ಸೀಲ್‌ಗಳು ತಲಾ 15 ನ್ಯೂಟನ್ ತಡೆ ಒಡ್ಡಿದರೂ ಇನ್ನೂ 60 ನ್ಯೂಟನ್ ಸೇರಿಕೊಳ್ಳುತ್ತದೆ. ಅಂದರೆ ಭಾರದಿಂದ ಬರುವ ಘರ್ಷಣೆಗಿಂತ ಸೀಲ್‌ನ ಘರ್ಷಣೆಯೇ ಹೆಚ್ಚು. ರೋಲರ್‌ಗಳಾದರೆ 80ರಿಂದ 160 ನ್ಯೂಟನ್ ಬೇಕು. ಪಾಲಿಮರ್ ಪ್ಯಾಡ್ ಆದರೆ 0.15ರ ಗುಣಾಂಕಕ್ಕೆ 1,180 ನ್ಯೂಟನ್, ಕೊಳೆ ಸೇರಿ ಗುಣಾಂಕ 0.3ಕ್ಕೆ ಏರಿದರೆ 2,350 ನ್ಯೂಟನ್. ಕೈಯಿಂದ ತಳ್ಳಬೇಕಾದ ಟ್ರಾಲಿಗೆ ಪ್ಯಾಡ್ ಒಗ್ಗುವುದಿಲ್ಲವೆಂಬುದು ಇಲ್ಲಿಗೇ ತೀರ್ಮಾನವಾಯಿತು. ಸಿಲಿಂಡರ್ ಅಥವಾ ಮೋಟಾರ್ ತಳ್ಳುವುದಾದರೆ ಮಾತ್ರ 2,350 ನ್ಯೂಟನ್ ದೊಡ್ಡ ಸಂಗತಿಯಲ್ಲ. ಆಗ ಪ್ಯಾಡ್‌ನ ಉಳಿದ ಗುಣಗಳು ಲೆಕ್ಕಕ್ಕೆ ಬರುತ್ತವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೊಳೆಯ ಜಾಗದಲ್ಲಿ ಧೂಳು ಒಳಗೆ ಬಂದೇ ಬರುತ್ತದೆ ಎಂದು ಒಪ್ಪಿಕೊಂಡು, ಬಂದದ್ದು ಹೊರಗೆ ಹೋಗಲು ದಾರಿಯಿರುವ ಗೈಡನ್ನು ಆರಿಸುವುದು ಕ್ಷೇಮ.

ನಮ್ಮಲ್ಲಿರುವುದು ಬರೀ ಧೂಳು. ಯಾವ ಧೂಳು ಎಂಬುದು ಅಷ್ಟು ಮುಖ್ಯವೇ?

ಭಾರಕ್ಕಿಂತಲೂ ಮುಖ್ಯ. ಮರಳು ಮತ್ತು ಗ್ರಾನೈಟ್ ಪುಡಿಯಲ್ಲಿರುವ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಜ್, ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ 7ರಷ್ಟು ಗಡಸು. ಉಕ್ಕಿನ ಗಡಸುತನ ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 60ರವರೆಗೆ ಗಟ್ಟಿಗೊಳಿಸಿದ ರೈಲ್ ಉಕ್ಕನ್ನೂ ಅದು ಗೀರಬಲ್ಲದು. ಸುಣ್ಣಕಲ್ಲಿನ ಪುಡಿ ಮೋಸ್ 3ರ ಆಸುಪಾಸಿನದ್ದಾದ್ದರಿಂದ ಗಟ್ಟಿ ಉಕ್ಕಿಗೆ ಅದರಿಂದ ಅಷ್ಟು ಅಪಾಯವಿಲ್ಲ. ಆದರೆ ಸಿಕ್ಕ ಸಿಕ್ಕ ಸಂದುಗಳಲ್ಲಿ ಒತ್ತಿ ಕೂರುತ್ತದೆ. ಎರಡೂ ನೋಡಲು ಒಂದೇ ಬಿಳಿ ಧೂಳು, ಬೇಕಾದ ಗೈಡ್‌ಗಳು ಬೇರೆ ಬೇರೆ.

ಸಿಮೆಂಟು ಒಣಗಿರುವಾಗ ಹರಿದುಹೋಗುವ ಪುಡಿ, ತೇವ ತಾಗಿದರೆ ಕಲ್ಲು. ರಾತ್ರಿಯ ತಂಪಿನಲ್ಲಿ ಉಕ್ಕಿನ ಮೇಲೆ ಕೂರುವ ಇಬ್ಬನಿಯಷ್ಟು ನೀರೇ ಕ್ಯಾರೇಜಿನ ಒಳಗಿನ ಸಿಮೆಂಟನ್ನು ಗಟ್ಟಿಯಾಗಿಸಲು ಸಾಕಾಗುತ್ತದೆ. ಮರದ ಹೊಟ್ಟು ಗಡಸಲ್ಲ. ಅದರ ತೊಂದರೆಯೆಂದರೆ ಅದು ಎಣ್ಣೆಯನ್ನು ಹೀರಿ ಹೊರಗೆ ಒಯ್ಯುತ್ತದೆ ಮತ್ತು ರಾಳದೊಡನೆ ಸೇರಿ ಹಳಿಯ ಮೇಲೆ ಅಂಟಿನ ಪದರ ಕಟ್ಟುತ್ತದೆ. ನಾರು ಮತ್ತು ದಾರದ ಚೂರುಗಳು ರೋಲರ್‌ನ ಅಚ್ಚಿಗೆ ಸುತ್ತಿಕೊಳ್ಳುತ್ತವೆ. ಲೋಹದ ಚೂರುಗಳು ಹಳಿಯನ್ನು ಒರೆಸುವ ಮೃದುವಾದ ವೈಪರನ್ನು ಕತ್ತರಿಸುತ್ತವೆ. ವೆಲ್ಡಿಂಗ್ ಕಿಡಿಗಳು ರಬ್ಬರ್ ಬೆಲ್ಲೋಸನ್ನು (ಹಳಿಗೆ ಹೊದಿಸುವ ಮಡಿಕೆ ಮಡಿಕೆಯ ಕವಚವನ್ನು) ತೂತು ಮಾಡುತ್ತವೆ, ಪಾಲಿಮರಿನಲ್ಲಿ ಕರಗಿ ಕಚ್ಚಿ ಕೂರುತ್ತವೆ.

ಕಣದ ಗಾತ್ರವನ್ನೂ ನೋಡಬೇಕು. ಜಾರುವ ಎರಡು ಮೈಗಳ ನಡುವಿನ ಸಡಿಲಕ್ಕೆ ಹೆಚ್ಚುಕಡಿಮೆ ಸಮನಾದ ಕಣ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ತುಂಬ ದೊಡ್ಡದು ಒಳಗೆ ಹೋಗಲಾರದು, ಸಡಿಲಕ್ಕಿಂತ ಬಹಳ ಚಿಕ್ಕದು ಎರಡೂ ಮೈಗಳನ್ನು ಒಟ್ಟಿಗೆ ಮುಟ್ಟದೆ ದಾಟಿಹೋಗಬಹುದು. ಬಾಲ್ ಗೈಡಿನಲ್ಲಿ ಗುಂಡು ಮತ್ತು ಹಳಿಯ ನಡುವೆ ಸಡಿಲವೇ ಇಲ್ಲದ ಕಾರಣ, ಒಳಹೊಕ್ಕ ಪ್ರತಿಯೊಂದು ಗಟ್ಟಿ ಕಣವೂ ಗುಂಡಿನಡಿ ಸಿಕ್ಕಿ ಹಳಿಯಲ್ಲಿ ಕುಳಿ ಒತ್ತುತ್ತದೆ.

ಹಾಗಾದರೆ ಬಾಲ್ ರೈಲ್ ಗೈಡನ್ನು ಇಂಥ ಜಾಗದಲ್ಲಿ ಬಳಸಲೇಬಾರದೇ?

ಬಳಸಬಹುದು, ಆದರೆ ಮುಚ್ಚಿಡುವ ವೆಚ್ಚವನ್ನು ಗೈಡಿನ ಬೆಲೆಯೊಳಗೇ ಸೇರಿಸಿ ನೋಡಬೇಕು. ಸ್ಥಾನದ ನಿಖರತೆ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಬೇಕಿದ್ದರೆ ಬೇರೆ ಆಯ್ಕೆಗಳು ಕಡಿಮೆ. ಆಗ ಹಳಿಗೆ ಬೆಲ್ಲೋಸ್ ಅಥವಾ ಒಂದರೊಳಗೊಂದು ಸರಿಯುವ ಉಕ್ಕಿನ ಕವಚ ಹೊದಿಸಿ, ಕ್ಯಾರೇಜಿಗೆ ಎರಡು ಪದರದ ಸೀಲ್ ಮತ್ತು ಅದರ ಮುಂದೆ ಲೋಹದ ಸ್ಕ್ರೇಪರ್ ಹಾಕಿ, ಸಾಧ್ಯವಿದ್ದರೆ ಕವಚದ ಒಳಗೆ ಒಣ ಗಾಳಿಯನ್ನು ಸ್ವಲ್ಪ ಒತ್ತಡದಲ್ಲಿ ಹರಿಸಬೇಕು. ಹಳಿಯ ಮೇಲ್ಮೈಯಲ್ಲಿರುವ ಬೋಲ್ಟ್ ಗುಳಿಗಳನ್ನು ಮರೆಯಬಾರದು. ಪ್ರತಿ ಗುಳಿಯೂ ಒಂದು ಚಿಟಿಕೆ ಮರಳು ಹಿಡಿದಿಟ್ಟುಕೊಂಡು, ಕ್ಯಾರೇಜ್ ಬಂದಾಗಲೆಲ್ಲ ಸೀಲ್‌ನ ತುಟಿಗೆ ಉಣಿಸುತ್ತಿರುತ್ತದೆ. ಕೆಳಗಿನಿಂದ ಬೋಲ್ಟ್ ಹಾಕುವ ಹಳಿ ಸಿಗುವುದಾದರೆ ಅದನ್ನೇ ತರಿಸಿಕೊಳ್ಳಿ. ಸಿಗದಿದ್ದರೆ ಲೋಹದ ಮುಚ್ಚಳ ಬಡಿದು ಹಳಿಯ ಮಟ್ಟಕ್ಕೆ ಸಮ ಮಾಡಿಸಿ.

ಇಷ್ಟನ್ನೂ ಮಾಡಲು ಸಿದ್ಧರಿಲ್ಲದಿದ್ದರೆ ಬಾಲ್ ಗೈಡಿನ ವಿಚಾರ ಬಿಡುವುದೇ ಲೇಸು.

ರೋಲರ್ ಗೈಡ್‌ಗಳು ಕೊಳೆಯನ್ನು ಹೇಗೆ ತಾಳಿಕೊಳ್ಳುತ್ತವೆ?

ರೋಲರಿನ ಬೇರಿಂಗ್ ಹಳಿಯಿಂದ ದೂರದಲ್ಲಿ, ತನ್ನದೇ ಸೀಲ್‌ನೊಳಗೆ ಮುಚ್ಚಿಕೊಂಡಿರುತ್ತದೆ. ಹಳಿಯ ಮೇಲೆ ಬಿದ್ದ ಕೊಳೆ ಬೇರಿಂಗನ್ನು ಮುಟ್ಟಬೇಕಾದರೆ ದೊಡ್ಡ ಪ್ರಯಾಣ ಮಾಡಬೇಕು. ಹಳಿಯ ಮೈ ಹೊರಗೆ ಕಾಣುವಂತಿದ್ದು, ಬಟ್ಟೆಯಿಂದಲೋ ಬ್ರಷ್‌ನಿಂದಲೋ ಒರೆಸಬಹುದು. ಹೀಗಾಗಿ ಕಡಿಮೆ ಬಲದಿಂದ ಸರಿಯಬೇಕಾದ, ಅಷ್ಟೇನೂ ನಿಖರತೆ ಬೇಡದ ಭಾರಿ ಕೆಲಸಗಳಿಗೆ ನಾನು ಮೊದಲು ನೋಡುವುದು ರೋಲರನ್ನೇ.

ಹಳಿಯ ಆಕಾರದ ಬಗ್ಗೆ ಎಚ್ಚರ ಬೇಕು. ಏಣು ಮೇಲ್ಮುಖವಾಗಿರುವ ವಿ ಆಕಾರದ ಹಳಿಯ ಮೇಲೆ ಬಿದ್ದ ಪುಡಿ ಎರಡೂ ಕಡೆಗೆ ಜಾರಿ ಬೀಳುತ್ತದೆ. ಅದೇ ಹಳ್ಳದ ಆಕಾರದ, ಮೇಲಕ್ಕೆ ತೆರೆದ ಚಾನೆಲ್‌ನೊಳಗೆ ರೋಲರ್ ಓಡಿಸಿದರೆ ಆ ಚಾನೆಲ್ ಕೊಳೆಯ ತೊಟ್ಟಿಯಾಗುತ್ತದೆ. ಚಾನೆಲನ್ನು ಅಡ್ಡ ಮಲಗಿಸಿ ಬಾಯಿ ಪಕ್ಕಕ್ಕೆ ಬರುವಂತೆ ಕೂರಿಸಿದರೂ ಸುಧಾರಣೆ ಕಾಣುತ್ತದೆ. ಉಕ್ಕಿನ ರೋಲರ್ ಮರಳಿನ ಕಣವನ್ನು ಪುಡಿ ಮಾಡಿ ದಾಟುತ್ತದೆ. ಪಾಲಿಯುರೆಥೇನ್ ಹೊದಿಕೆಯ ರೋಲರ್ ಅದನ್ನು ತನ್ನೊಳಗೆ ಒತ್ತಿಕೊಳ್ಳುತ್ತದೆ, ಸದ್ದು ಕಡಿಮೆ. ಆದರೆ ಭಾರ ಹೊತ್ತು ಬಹಳ ದಿನ ಒಂದೇ ಜಾಗದಲ್ಲಿ ನಿಂತರೆ ಚಪ್ಪಟೆಯಾಗುತ್ತದೆ.

ಪಾಲಿಮರ್ ಪ್ಯಾಡ್ ಅಥವಾ ಬುಷ್ (ಶಾಫ್ಟ್ ಎಂಬ ದುಂಡು ಹಳಿಯ ಸುತ್ತ ಕೂರುವ ಕೊಳವೆ) ಹಾಕುವುದಾದರೆ ಯಾವ ವಸ್ತು?

ಮರಳು, ಕಲ್ಲುಪುಡಿ ಇರುವಲ್ಲಿ ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್, ಅಂದರೆ ಯುಎಚ್‌ಎಂಡಬ್ಲ್ಯು, ಉಜ್ಜಾಟವನ್ನು ಚೆನ್ನಾಗಿ ತಡೆಯುತ್ತದೆ, ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ಅದರ ದೌರ್ಬಲ್ಯವೆಂದರೆ ಶಾಖ: 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದನ್ನು ನಂಬಬಾರದು. ನೈಲಾನ್ ಗಟ್ಟಿ, ಅಗ್ಗ. ಆದರೆ ನೀರು ಹೀರಿ ಪೂರ್ತಿ ನೆನೆದಾಗ ಶೇ 2ರಿಂದ 3ರಷ್ಟು ಉಬ್ಬಬಹುದು. ಬೇಸಿಗೆಯಲ್ಲಿ ಹಗುರವಾಗಿ ಸರಿಯುತ್ತಿದ್ದ ನೈಲಾನ್ ಬುಷ್ ಮಳೆಗಾಲದಲ್ಲಿ ಶಾಫ್ಟನ್ನು ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ. ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಈ ತೊಂದರೆ ಬಹಳ ಕಡಿಮೆ. ಪಿಟಿಎಫ್‌ಇ, ಅಂದರೆ ಟೆಫ್ಲಾನ್, 260 ಡಿಗ್ರಿಯವರೆಗೂ ತಾಳುತ್ತದೆ, ನಿಂತಲ್ಲಿಂದ ಹೊರಡುವಾಗ ಜರ್ಕ್ ಹೊಡೆಯುವುದಿಲ್ಲ, ಆದರೆ ಬರಿಯದಾಗಿದ್ದರೆ ಬೇಗ ಸವೆಯುತ್ತದೆ. ಗಾಜಿನ ನಾರು, ಇಂಗಾಲ ಅಥವಾ ಕಂಚಿನ ಪುಡಿ ಬೆರೆಸಿದ ಬಗೆಗಳನ್ನೇ ಆರಿಸಬೇಕು. ಉಕ್ಕಿನ ಬೆನ್ನಿನ ಮೇಲೆ ಪಿಟಿಎಫ್‌ಇ ಲೇಪವಿರುವ ತೆಳು ಬುಷ್‌ಗಳು ಸ್ವಚ್ಛ ಜಾಗದಲ್ಲಿ ಅತ್ಯುತ್ತಮ. ಅವುಗಳ ಮೃದುವಾದ ಪದರ ಮಿಲಿಮೀಟರಿನ ಕೆಲವೇ ಶತಾಂಶದಷ್ಟಿರುವುದರಿಂದ ಮರಳು ಅದನ್ನು ಬೇಗನೆ ಕೆರೆದುಹಾಕುತ್ತದೆ.

ವಸ್ತುವಿನಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕವಿದೆ: ಒತ್ತಡ ಮತ್ತು ವೇಗದ ಗುಣಲಬ್ಧ. ಮೇಲಿನ 800 ಕಿ.ಗ್ರಾಂ ಟ್ರಾಲಿಗೆ 100×60 ಮಿ.ಮೀ. ಅಳತೆಯ ನಾಲ್ಕು ಪ್ಯಾಡ್ ಕೊಟ್ಟರೆ ಒತ್ತಡ ಸುಮಾರು 0.33 ಮೆಗಾಪಾಸ್ಕಲ್, ಸೆಕೆಂಡಿಗೆ 0.2 ಮೀಟರ್ ವೇಗದಲ್ಲಿ ಗುಣಲಬ್ಧ 0.065. ನಿಂತ ಭಾರದ ದೃಷ್ಟಿಯಿಂದ ಈ ಒತ್ತಡ ಏನೇನೂ ಅಲ್ಲ. ಆದರೂ ಬೆರಕೆಯಿಲ್ಲದ ಯುಎಚ್‌ಎಂಡಬ್ಲ್ಯು ಪ್ಯಾಡ್ ನಿರಂತರವಾಗಿ ಒಣಗಿ ಓಡುವಾಗ ತಾಳುವ ಮಿತಿ 0.07ರ ಆಸುಪಾಸಿನಲ್ಲೇ ಇರುವುದರಿಂದ, ದಿನವಿಡೀ ಓಡುವ ಯಂತ್ರಕ್ಕೆ ಇದು ಅಂಚಿನ ಸ್ಥಿತಿ. ಗಂಟೆಗೊಮ್ಮೆ ಸರಿಯುವುದಾದರೆ ಚಿಂತೆಯಿಲ್ಲ. ದಿನವಿಡೀ ಓಡಬೇಕಾದರೆ ಪ್ಯಾಡ್ ದೊಡ್ಡದು ಮಾಡಿ, ಅಥವಾ ಬೆರಕೆಯ ಪಿಟಿಎಫ್‌ಇ ನೋಡಿ.

ಪ್ಯಾಡನ್ನು ಬಿಗಿಯಾಗಿ ಕಟ್ಟಬಾರದೆಂಬುದನ್ನೂ ಸೇರಿಸಬೇಕು. 500 ಮಿ.ಮೀ. ಉದ್ದದ ಪಾಲಿಎಥಿಲೀನ್ ಪಟ್ಟಿ 40 ಡಿಗ್ರಿಯ ಏರಿಕೆಗೆ 3.5 ಮಿ.ಮೀ.ನಷ್ಟು ಉದ್ದವಾಗುತ್ತದೆ, ಅದರಡಿಯ ಉಕ್ಕು ಕಾಲು ಮಿ.ಮೀ. ಮಾತ್ರ. ಬೋಲ್ಟ್ ತೂತುಗಳಲ್ಲಿ ಒಂದು ಗುಂಡಗೆ, ಉಳಿದವು ಉದ್ದುದ್ದಕ್ಕೆ ಇರಲಿ.

ಮೃದುವಾದ ಪ್ಯಾಡ್ ಮರಳನ್ನು ನುಂಗಿಕೊಂಡು ಶಾಫ್ಟನ್ನು ಉಳಿಸುತ್ತದೆಯಲ್ಲವೇ?

ಅರ್ಧ ಸತ್ಯ. 1839ರಲ್ಲಿ ಐಸಾಕ್ ಬ್ಯಾಬಿಟ್ ರೂಪಿಸಿದ ಮೃದು ಮಿಶ್ರಲೋಹ ಇಂದಿಗೂ ದೊಡ್ಡ ಬೇರಿಂಗ್‌ಗಳಲ್ಲಿ ಉಳಿದಿರುವುದಕ್ಕೆ ಒಂದು ಕಾರಣ, ಎಣ್ಣೆಯಲ್ಲಿ ಬಂದ ಕಣವನ್ನು ಅದು ತನ್ನ ಮೈಯೊಳಗೆ ಹುದುಗಿಸಿಕೊಳ್ಳುತ್ತದೆ ಎಂಬುದು. ಅಲ್ಲಿ ಎಣ್ಣೆಯ ಪದರ ಶಾಫ್ಟನ್ನು ಮೇಲೆತ್ತಿ ಹಿಡಿದಿರುತ್ತದೆ, ಹುದುಗಿದ ಕಣ ಶಾಫ್ಟಿಗೆ ತಾಗುವುದಿಲ್ಲ. ಒಣಗಿ ಜಾರುವ ಪ್ಯಾಡಿನಲ್ಲಿ ಅಂಥ ಪದರವಿಲ್ಲ. ಮರಳು ಹುದುಗಿದ ಪ್ಯಾಡ್ ಉಪ್ಪುಕಾಗದದಂತಾಗಿ ಉಕ್ಕನ್ನೇ ಉಜ್ಜತೊಡಗುತ್ತದೆ. ಪ್ಯಾಡ್ ಹೊಸದರಂತಿದ್ದು ಶಾಫ್ಟ್ ಸಣ್ಣದಾಗಿರುವುದನ್ನು ಕಂಡು ಅಚ್ಚರಿ ಪಡುವವರು ಅನೇಕರು. ಆದ್ದರಿಂದ ಕೊಳೆಯ ಜಾಗದಲ್ಲಿ ಎದುರು ಮೈ ಗಟ್ಟಿಯಾಗಿರಲಿ: ಮೇಲ್ಮೈ ಗಟ್ಟಿಗೊಳಿಸಿದ ಉಕ್ಕು, ಅಥವಾ ಗಡಸು ಕ್ರೋಮ್ ಲೇಪ. ಪ್ಯಾಡಿನಲ್ಲಿ ಅಡ್ಡ ಕಾಲುವೆಗಳನ್ನು ಕೊರೆದಿಟ್ಟರೆ ಕಣ ಹುದುಗುವ ಮೊದಲೇ ಅದರೊಳಗೆ ಬಿದ್ದು ಅಂಚಿನಿಂದ ಹೊರಹೋಗುತ್ತದೆ.

ಗ್ರೀಸ್ ಹಾಕಿದರೆ ಸುಲಭವಾಗಿ ಸರಿಯುತ್ತದೆ. ಹಾಕಬಹುದೇ?

ಮುಚ್ಚಿದ ಕ್ಯಾರೇಜ್ ಮತ್ತು ಬೇರಿಂಗ್‌ಗಳಿಗೆ ಹಾಕಲೇಬೇಕು. ಅಲ್ಲಿ ಗ್ರೀಸ್ ಒಳಗಿನಿಂದ ಹೊರಕ್ಕೆ ಒತ್ತಿ ಬರುವಾಗ ಕೊಳೆಯನ್ನೂ ತಳ್ಳಿಕೊಂಡು ಬರುತ್ತದೆ. ಕೊಳೆ ಹೆಚ್ಚಿರುವಲ್ಲಿ ಒಮ್ಮೆಲೇ ಹೆಚ್ಚು ತುಂಬುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಡುವುದು ಉತ್ತಮ. ತೆರೆದ ಹಳಿಗೆ ಮತ್ತು ಒಣಗಿ ಓಡುವಂತೆ ಮಾಡಿದ ಪಾಲಿಮರಿಗೆ ಬೇಡ. ಹೊರಗೆ ಬಳಿದ ಗ್ರೀಸ್ ಮರಳು ಸೇರಿದೊಡನೆ ಅರೆಯುವ ಪೇಸ್ಟ್ ಆಗುತ್ತದೆ. ಮೊದಲ ವಾರ ಎಲ್ಲರೂ ಮೆಚ್ಚುತ್ತಾರೆ, ಅದೇ ತೊಂದರೆ.

ಎಳೆದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಇದು ಕೊಳೆಯಿಂದಲೇ?

ಕೊಳೆ ನೆಪವಾಗಿರಬಹುದು, ಮೂಲ ಕಾರಣ ಸಾಮಾನ್ಯವಾಗಿ ಅಳತೆಯಲ್ಲಿರುತ್ತದೆ. ಎಳೆಯುವ ಬಲ ಗೈಡಿನ ಮಧ್ಯರೇಖೆಯಿಂದ ದೂರದಲ್ಲಿದ್ದರೆ ಗಾಡಿ ತಿರುಚಿಕೊಂಡು, ಮುಂದಿನ ಮತ್ತು ಹಿಂದಿನ ಬುಷ್‌ಗಳು ವಿರುದ್ಧ ದಿಕ್ಕಿನಲ್ಲಿ ಶಾಫ್ಟನ್ನು ಒತ್ತುತ್ತವೆ. ಬಲದ ದೂರವನ್ನು ಬುಷ್‌ಗಳ ನಡುವಿನ ಅಂತರದಿಂದ ಭಾಗಿಸಿದಾಗ ಬರುವ ಅನುಪಾತ, 1ನ್ನು ಘರ್ಷಣಾ ಗುಣಾಂಕದ ಎರಡರಷ್ಟರಿಂದ ಭಾಗಿಸಿದಾಗ ಬರುವ ಅಂಕಿಯನ್ನು ಮುಟ್ಟಿದರೆ, ಎಷ್ಟು ಬಲ ಹಾಕಿದರೂ ಗಾಡಿ ಕದಲುವುದಿಲ್ಲ. ಹೆಚ್ಚು ಎಳೆದಷ್ಟೂ ಹೆಚ್ಚು ಬಿಗಿಯಾಗುತ್ತದೆ. ಗುಣಾಂಕ 0.15 ಇದ್ದಾಗ ಈ ಮಿತಿ 3.3, 0.25ಕ್ಕೆ 2, ಕೊಳೆ ತುಂಬಿ 0.3 ಆದಾಗ 1.7ಕ್ಕೂ ಕಡಿಮೆ. ಅನುಪಾತ 2.5 ಇಟ್ಟು ಕಟ್ಟಿದ ಗಾಡಿ ಹೊಸದರಲ್ಲಿ ಸಲೀಸಾಗಿ ಓಡಿ, ಧೂಳು ಸೇರಿದ ಮೇಲೆ ದಿಢೀರನೆ ಕಚ್ಚಿಕೊಳ್ಳುವ ಗುಟ್ಟು ಇದು. ಕೊಳೆಯ ಜಾಗದಲ್ಲಿ ಅನುಪಾತ 1ಕ್ಕಿಂತ ಕೆಳಗಿರಲಿ ಎಂಬುದು ನನ್ನ ಸಲಹೆ. ಬುಷ್‌ಗಳನ್ನು ದೂರ ದೂರ ಇಡಿ, ಸಿಲಿಂಡರನ್ನು ಹಳಿಯ ಹತ್ತಿರಕ್ಕೆ ತನ್ನಿ.

ಎರಡು ಹಳಿಗಳಿದ್ದರೆ ಎರಡನ್ನೂ ಬಿಗಿಯಾಗಿ ಮಾರ್ಗದರ್ಶಕವನ್ನಾಗಿ ಮಾಡುವುದು ಇನ್ನೊಂದು ತಪ್ಪು. ಒಂದು ಹಳಿ ದಾರಿ ತೋರಿಸಲಿ, ಇನ್ನೊಂದು ಭಾರವನ್ನಷ್ಟೇ ಹೊತ್ತು ಅಡ್ಡಡ್ಡಕ್ಕೆ ಸರಿಯಲು ಬಿಡಲಿ. ಉಕ್ಕಿನ ಬುಡದ ಮೇಲೆ 1 ಮೀಟರ್ ಅಗಲದ ಅಲ್ಯೂಮಿನಿಯಂ ಗಾಡಿಯಿದ್ದರೆ 40 ಡಿಗ್ರಿಯ ವ್ಯತ್ಯಾಸಕ್ಕೆ ಎರಡರ ನಡುವೆ 0.4 ಮಿ.ಮೀ.ಗಿಂತ ಹೆಚ್ಚಿನ ಅಂತರ ಬೀಳುತ್ತದೆ.

ನಾಲ್ಕು ಕ್ಯಾರೇಜ್ ಇದ್ದರೆ ಪ್ರತಿಯೊಂದಕ್ಕೂ ಕಾಲು ಭಾಗ ಭಾರ ಎಂದು ಲೆಕ್ಕ ಹಾಕಬಹುದೇ?

ಕಾಗದದ ಮೇಲೆ ಮಾತ್ರ. ಗಟ್ಟಿಮುಟ್ಟಾದ ಗಾಡಿ ನಾಲ್ಕು ಕಾಲಿನ ಮೇಜಿನಂತೆ. ನೆಲ ತುಸು ಏರುಪೇರಾದರೂ ಎದುರುಬದುರಿನ ಎರಡು ಮೂಲೆಗಳೇ ಹೆಚ್ಚಿನ ಭಾರ ಹೊರುತ್ತವೆ. ಭಾರವೆಲ್ಲ ಎರಡರ ಮೇಲೆ ಬಿದ್ದರೂ ತಾಳುವಂತೆ ಆರಿಸಿ. ಕ್ಯಾಟಲಾಗ್ ಹೇಳುವ ಆಯಸ್ಸಿನ ಬಗ್ಗೆಯೂ ಎಚ್ಚರವಿರಲಿ: ಬಾಲ್ ಗೈಡಿನಲ್ಲಿ ಭಾರ ದುಪ್ಪಟ್ಟಾದರೆ ಆಯಸ್ಸು ಎಂಟನೇ ಒಂದಕ್ಕೆ, ಗುಂಡಿನ ಬದಲು ಒಳಗೆ ರೋಲರ್ ಇರುವ ಕ್ಯಾರೇಜಿನಲ್ಲಿ ಹತ್ತನೇ ಒಂದಕ್ಕೆ ಇಳಿಯುತ್ತದೆ. ಕೆಲವು ತಯಾರಕರು ಭಾರದ ಅಂಕಿಯನ್ನು 50 ಕಿ.ಮೀ. ಓಟಕ್ಕೆ ಕೊಡುತ್ತಾರೆ, ಕೆಲವರು 100 ಕಿ.ಮೀ.ಗೆ, ಒಂದೇ ಬಾಲ್ ಗೈಡಿನ ಅಂಕಿ ಮೊದಲನೆಯ ಬಗೆಯಲ್ಲಿ 1.26 ಪಟ್ಟು ದೊಡ್ಡದಾಗಿ ಕಾಣುತ್ತದೆ. ಇದಲ್ಲದೆ ಈ ಲೆಕ್ಕವೆಲ್ಲ ಲೋಹದ ದಣಿವಿನದ್ದು (ಪದೇ ಪದೇ ಭಾರ ಬಿದ್ದು ಮೈ ಬಿರಿಯುವುದು), ಸ್ವಚ್ಛ ಸ್ಥಿತಿಯದ್ದು. ಧೂಳಿನ ಜಾಗದ ಗೈಡ್‌ಗಳು ದಣಿಯುವಷ್ಟು ದಿನ ಬದುಕುವುದು ಅಪರೂಪ.

ಘರ್ಷಣೆ ಕಡಿಮೆಯಾದಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಹಳಿ 1 ಡಿಗ್ರಿ ವಾಲಿದ್ದರೂ 800 ಕಿ.ಗ್ರಾಂ ಟ್ರಾಲಿಯನ್ನು ಕೆಳಕ್ಕೆಳೆಯುವ ಬಲ 137 ನ್ಯೂಟನ್. ಮೇಲೆ ಹೇಳಿದ ಬಾಲ್ ಗೈಡಿನ ಒಟ್ಟು ತಡೆ 84 ನ್ಯೂಟನ್ ಮಾತ್ರವಾದ್ದರಿಂದ ಟ್ರಾಲಿ ತಾನಾಗಿಯೇ ಹೊರಡುತ್ತದೆ. 0.15ರ ಪ್ಯಾಡಿನ ಮೇಲಾದರೆ ಎಂಟು ಡಿಗ್ರಿಯವರೆಗೂ ನಿಂತಿರುತ್ತದೆ. ಉರುಳುವ ಗೈಡ್ ಹಾಕಿದಲ್ಲಿ ಎರಡೂ ತುದಿಗೆ ಗಟ್ಟಿ ತಡೆಗಳೂ, ನಿಲ್ಲಬೇಕಾದ ಜಾಗದಲ್ಲಿ ಲಾಕ್ ಪಿನ್ನೂ ಕಡ್ಡಾಯ.

ಭಾರಿ ಡ್ರಾಯರಿನಂತೆ ಹೊರಗೆ ಎಳೆಯುವ ಟೆಲಿಸ್ಕೋಪಿಕ್ ಸ್ಲೈಡ್ ಬಳಸಬಹುದೇ?

ಮೋಟಾರ್, ಬ್ಯಾಟರಿ, ಜನರೇಟರ್‌ಗಳನ್ನು ದುರಸ್ತಿಗಾಗಿ ಹೊರಗೆಳೆಯಲು ಅನುಕೂಲ. ಆದರೆ ಬರೆದಿರುವ ಭಾರ ಸಾಮಾನ್ಯವಾಗಿ ಒಂದು ಜೋಡಿಗೆ, ಅದೂ ಪಟ್ಟಿಗಳು ಲಂಬವಾಗಿ ನಿಂತಾಗ. ಮಲಗಿಸಿ ಕೂರಿಸಿದರೆ ತಾಳುವ ಭಾರ ಬಹಳಷ್ಟು ಇಳಿಯುತ್ತದೆ. ಗುಂಡುಗಳ ಗೂಡು ತೆರೆದೇ ಇರುವುದರಿಂದ ದಿನಕ್ಕೆ ಹತ್ತಾರು ಬಾರಿ ಎಳೆಯುವ ಕೆಲಸಕ್ಕೆ ಧೂಳಿನಲ್ಲಿ ಇವು ಬೇಡ.

ಸ್ಟೇನ್‌ಲೆಸ್ ಉಕ್ಕು ತೆಗೆದುಕೊಂಡರೆ ನಿಶ್ಚಿಂತೆಯೇ?

ತುಕ್ಕಿನಿಂದ ಹೌದು, ಸವೆತದಿಂದ ಅಲ್ಲ. 304 ಮತ್ತು 316 ದರ್ಜೆಗಳನ್ನು ಕಾಯಿಸಿ ಗಟ್ಟಿಗೊಳಿಸಲಾಗದು. ಮರಳಿನೆದುರು ಅವು ಮೃದು. ಗುಂಡು ಓಡುವ ಹಳಿಗೆ 440ಸಿಯಂಥ ಗಟ್ಟಿಯಾಗುವ ದರ್ಜೆ ಬೇಕು, ಅದರ ತುಕ್ಕು ನಿರೋಧ 316ಕ್ಕಿಂತ ಕಡಿಮೆ.

ಯಂತ್ರ ನಿಂತಿರುವಾಗಲೂ ಗೈಡ್ ಹಾಳಾಗುತ್ತದೆಯೇ?

ಆಗುತ್ತದೆ. ಪಕ್ಕದ ಕ್ರಷರ್ ಅಥವಾ ಕಂಪಿಸುವ ಜರಡಿಯ ನಡುಕದಿಂದ, ನಿಂತಲ್ಲೇ ನಿಂತ ಗುಂಡುಗಳು ತಮ್ಮಡಿಯ ಗ್ರೀಸನ್ನು ಪಕ್ಕಕ್ಕೆ ತಳ್ಳಿ ಹಳಿಯಲ್ಲಿ ಗುಂಡಿನಷ್ಟೇ ಅಂತರದ ಕುಳಿಗಳನ್ನು ಉಜ್ಜಿಡುತ್ತವೆ. ಗಾಡಿಯನ್ನು ಸರಿಸುವಾಗ ಒಂದೇ ಜಾಗದಲ್ಲಿ ಕಟಕಟ ಎಂದರೆ ಇದೇ. ನಿಲ್ಲಿಸುವ ಜಾಗವನ್ನು ಆಗಾಗ ಬದಲಿಸಿ, ಅಥವಾ ನಿಂತಾಗ ಭಾರ ಬೇರೆ ಆಸರೆಯ ಮೇಲೆ ಕೂರುವಂತೆ ಮಾಡಿ. ಪಾಲಿಮರ್ ಪ್ಯಾಡ್‌ಗಳಿಗೆ ಈ ಕಾಟವಿಲ್ಲ.

ಯಾವಾಗ ಬದಲಿಸಬೇಕೆಂದು ತಿಳಿಯುವುದು ಹೇಗೆ?

ಯಂತ್ರ ಹೊಸದಿದ್ದಾಗ ಗಾಡಿಯನ್ನು ಎಳೆಯಲು ಬೇಕಾದ ಬಲವನ್ನು ಸ್ಪ್ರಿಂಗ್ ತಕ್ಕಡಿಯಿಂದ ಅಳೆದು, ಯಂತ್ರದ ಮೈಮೇಲೇ ಬರೆದಿಡಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಭಾರದಲ್ಲಿ ಅಳೆಯಿರಿ. ಅಂಕಿ ನಿಧಾನವಾಗಿ ಏರುತ್ತಿದ್ದರೆ ಸೀಲ್ ಮತ್ತು ವೈಪರ್‌ಗಳನ್ನು ಬಿಚ್ಚಿ ತೊಳೆಯುವ ಸಮಯ. ಒಂದೂವರೆ ಪಟ್ಟಾದರೆ ವೈಪರ್ ಬದಲಿಸಿ, ದುಪ್ಪಟ್ಟಾದರೆ ಹಳಿಯನ್ನೇ ಪರೀಕ್ಷಿಸಿ. ಅಂಕಿ ಇದ್ದಕ್ಕಿದ್ದಂತೆ ಇಳಿದರೂ ಸಮಾಧಾನ ಪಡಬೇಡಿ: ಸೀಲ್‌ನ ತುಟಿ ಹರಿದುಹೋದಾಗಲೂ ಗಾಡಿ ಹಗುರವಾಗಿ ಓಡುತ್ತದೆ. ವಿನ್ಯಾಸ ಮಾಡುವಾಗಲೇ ಸವೆಯಬೇಕಾದ ಭಾಗ ಯಾವುದೆಂದು ನಿಶ್ಚಯಿಸಿ, ಹಳಿಯನ್ನು ಬಿಚ್ಚದೆ, ಗಾಡಿಯನ್ನು ಕೆಲವು ಮಿಲಿಮೀಟರ್ ಜ್ಯಾಕಿನಿಂದ ಎತ್ತಿದೊಡನೆ ಆ ಪ್ಯಾಡ್ ಅಥವಾ ರೋಲರ್ ಪಕ್ಕದಿಂದ ಹೊರಬರುವಂತೆ ಜಾಗ ಬಿಟ್ಟಿರಬೇಕು.